ಬಲಗೈ ಸುಮ್ಮನಾದ ಮಳೆಗಾಲ

ಕಳೆದ ತಿಂಗಳು ಪುಣೆಯಲ್ಲಿ ನನ್ನ ಪಿಯಾನೋ ಕಛೇರಿ ಇತ್ತು. ವೇದಿಕೆಯ ಹಿಂದಿನ ಕೋಣೆಯಲ್ಲಿ ಕೂತು ಬಿಸಿನೀರಿನ ಬಾಟಲಿ ಹಿಡಿದು ಬೆರಳು ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆ. ನೆಲ ಒರೆಸುವ ಹೆಂಗಸು ಬಂದು, ಕಾಲು ಮೇಲೆತ್ತಿ ಎಂದು ಮರಾಠಿಯಲ್ಲಿ ಗದರಿಸಿ, ಅರ್ಧ ಬಕೆಟ್ಟು ನೀರನ್ನು ಒಂದೇ ಸಲ ಸುರಿದುಬಿಟ್ಟಳು. ನೆಲ ಒದ್ದೆಯಾದದ್ದೇ ತಡ, ವಾಸನೆ ಎದ್ದಿತು. ಬಗ್ಗಿ ನೋಡಿದರೆ ನಮ್ಮ ಊರಿನ ಕಲ್ಲು, ಶಹಾಬಾದಿನ ಫರ್ಸಿ. ಮಳೆ ಬಿದ್ದ ಮಣ್ಣಿನ ವಾಸನೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಒದ್ದೆ ಫರ್ಸಿಯ ವಾಸನೆಯ ಬಗ್ಗೆ ಯಾರೂ ಬರೆಯುವುದಿಲ್ಲ, ಬಹುಶಃ ನಮ್ಮ ಕಡೆಯವರು ಕಲ್ಲು ಕಡಿಯುವುದರಲ್ಲೇ ಮುಗಿದು ಹೋಗುತ್ತಾರೆ. ಆ ವಾಸನೆಗೆ ನನಗೆ ಮೊದಲು ನೆನಪಾಗುವುದು ಬಾಲ್ಯವಲ್ಲ. ನಲವತ್ತೆರಡನೆಯ ವಯಸ್ಸಿನಲ್ಲಿ, ಯಾರಿಗೂ ನಿಜ ಹೇಳದೆ, ಊರಿಗೆ ಬಂದು ಕೂತ ಒಂದು ಮಳೆಗಾಲ.

ಶಹಾಬಾದಿನ ಕಲ್ಲು ಕೆಲಸದವನ ಮಗಳು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪಿಯಾನೋ ವಾದಕಿ ಹೇಗಾದಳು ಎಂದು ಕೇಳುವವರಿಗೆ ನಾನು ಉತ್ತರ ಹೇಳಿ ಹೇಳಿ ಸಾಕಾಗಿದೆ. ಚಿಕ್ಕದಾಗಿ ಹೇಳುತ್ತೇನೆ. ಪಿಯಾನೋ ಶಹಾಬಾದಿನಲ್ಲಿ ಇರಲಿಲ್ಲ, ವಾಡಿಯಲ್ಲಿತ್ತು. ಅಲ್ಲಿ ರೈಲ್ವೆಯವರ ಹಳೆಯ ಕ್ಲಬ್ಬಿನ ಹಾಲಿನಲ್ಲಿ, ಯಾವುದೋ ಕಾಲದ ಸಾಹೇಬರು ಬಿಟ್ಟುಹೋದ ಒಂದು ನೆಟ್ಟಗಿನ ಪಿಯಾನೋ. ಅದನ್ನು ನುಡಿಸಲು ಬರುತ್ತಿದ್ದದ್ದು ಇಡೀ ಊರಿನಲ್ಲಿ ಒಬ್ಬರಿಗೇ, ಶಾಲೆಯ ಸುಗುಣಾ ಟೀಚರಿಗೆ. ನನಗೆ ಏಳು ವರ್ಷವಿದ್ದಾಗ ಅಪ್ಪ ಆ ಹಾಲಿಗೆ ಫರ್ಸಿ ಹಾಸಲು ಹೋದ. ಅವ್ವನಿಗೆ ಮೈಯಲ್ಲಿ ಹುಷಾರಿಲ್ಲದ ಕಾರಣ ನನ್ನನ್ನೂ ಜೊತೆಗೆ ಕರೆದೊಯ್ದ. ಕೆಲಸ ಇಪ್ಪತ್ತು ದಿನ ನಡೆಯಿತು. ಇಪ್ಪತ್ತನೆಯ ದಿನ ಟೀಚರು ಅಪ್ಪನಿಗೆ, ಕಲ್ಲು ಹಾಸಿದ್ದು ಮುಗಿದರೂ ಹುಡುಗಿಯನ್ನು ಕಳಿಸುತ್ತಿರಿ ಎಂದರು. ಅಲ್ಲಿಂದ ವಾರಕ್ಕೆರಡು ದಿನ ಪ್ಯಾಸೆಂಜರ್ ಗಾಡಿ, ಆಮೇಲೆ ಚೆನ್ನೈ, ಆಮೇಲೆ ಪರದೇಶದ ವಿದ್ಯಾರ್ಥಿವೇತನ, ಆಮೇಲೆ ಇಪ್ಪತ್ತು ವರ್ಷ ಸೂಟ್‌ಕೇಸಿನ ಬದುಕು. ಎಷ್ಟೋ ಊರುಗಳ ವೇದಿಕೆ ಕಂಡೆ. ಆ ಊರುಗಳನ್ನು ಮಾತ್ರ ಕಾಣಲಿಲ್ಲ, ಬೆಳಗಿನಿಂದ ಸಂಜೆಯವರೆಗೆ ಅಭ್ಯಾಸವೇ ಆಗುತ್ತಿತ್ತು.

ನಲವತ್ತೆರಡನೆಯ ಆ ವರ್ಷದ ಬೇಸಗೆಯಲ್ಲಿ ನನ್ನ ಬಲಗೈಯ ಕೊನೆಯ ಎರಡು ಬೆರಳು ಮಾತು ಕೇಳುವುದನ್ನು ಬಿಟ್ಟವು. ನೋವಿಲ್ಲ, ಬಾವಿಲ್ಲ. ಪಿಯಾನೋದ ಮೇಲೆ ಕೈ ಇಟ್ಟ ಕೂಡಲೇ ಉಂಗುರ ಬೆರಳು, ಕಿರುಬೆರಳು ಎರಡೂ ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಪಿಯಾನೋದಿಂದ ಕೈ ತೆಗೆದರೆ ಮತ್ತೆ ನೆಟ್ಟಗೆ. ಡಾಕ್ಟರು ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, ತಪ್ಪು ಬೆರಳಿನಲ್ಲಿಲ್ಲ, ಮೆದುಳು ಬೆರಳಿಗೆ ಕೊಡುವ ಅಪ್ಪಣೆಯಲ್ಲಿದೆ ಎಂದರು. ವಾಸಿಯಾಗುತ್ತದೆಯೇ ಎಂದು ಕೇಳಿದೆ. ಕೆಲವರಿಗೆ ಆಗುತ್ತದೆ ಎಂದರು. ಅವರು ಹೇಳಿದ ರೀತಿಯಲ್ಲೇ ಆ ಕೆಲವರು ಎಷ್ಟು ಕಡಿಮೆ ಎಂಬುದು ಗೊತ್ತಾಯಿತು. ಡಿಸೆಂಬರಿನಲ್ಲಿ ದೊಡ್ಡ ವಾದ್ಯವೃಂದದ ಜೊತೆ ನನ್ನ ಕಛೇರಿ ನಿಗದಿಯಾಗಿತ್ತು, ಹತ್ತು ವರ್ಷದಿಂದ ಕಾದು ಕೂತಿದ್ದ ಕಛೇರಿ. ಆ ಕಛೇರಿಯವರಿಗೆ ಏನೂ ಹೇಳಲಿಲ್ಲ. ಮನೆಯವರಿಗೂ ಹೇಳಲಿಲ್ಲ. ಈ ಸಲ ಮೂರು ತಿಂಗಳು ರಜೆ ಎಂದು ಫೋನು ಮಾಡಿ ಜೂನಿನ ಮೊದಲ ಮಳೆಗೆ ಶಹಾಬಾದಿಗೆ ಬಂದಿಳಿದೆ.

ಮನೆ ತುಂಬಿದ ಮನೆ. ಅಣ್ಣ ಸೇಡಂ ಕಡೆಯ ಕಾರ್ಖಾನೆಗೆ ಹೋಗಿಬರುವವನು, ಅವನ ಮಕ್ಕಳು, ಅಪ್ಪ, ಎಲ್ಲರ ಮೇಲೆ ಅಣ್ಣನ ಹೆಂಡತಿ ಸುವರ್ಣಾ ವೈನಿಯ ಆಡಳಿತ. ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ವೈನಿ ಬಾಗಿಲಲ್ಲೇ ನನ್ನ ಚೀಲ ಎಣಿಸಿದಳು.

"ಏನ್ ಗಿರಿಜಾ, ಮೂರ್ ತಿಂಗಳ ಅಂತಿ, ಅಲ್ಲಿಂದ ನಿನ್ನ ಓಡಿಸ್ಯಾರೇನು ಮತ್ತ?"

"ಹೂಂ ವೈನಿ, ಓಡಿಸ್ಯಾರ. ನಿನ್ನ ರೊಟ್ಟಿ ತಿಂದು ಬಾ ಅಂದ್ರು."

"ತಿನ್ನೂದಲ್ಲ, ಬಡದು ತಿನ್ನಬೇಕ್. ಬಾ ಒಳಗ."

ರೊಟ್ಟಿ ಬಡಿಯಲು ಕೂತೆ. ಬಲಗೈ ಚಂದವಾಗಿ ಬಡಿಯಿತು. ಐದು ಬೆರಳೂ ಬಿಚ್ಚಿಕೊಂಡು, ರೊಟ್ಟಿ ದುಂಡಗೆ ತಿರುಗಿತು. ಆ ದಿನ ಜೋಳದ ಹಿಟ್ಟಿನ ಮುಂದೆ ಕೂತು ನನಗೆ ಬಂದ ಸಿಟ್ಟು ಇವತ್ತಿಗೂ ನೆನಪಿದೆ. ಮೂವತ್ತೈದು ವರ್ಷ ಯಾವ ಕೆಲಸಕ್ಕೆ ಆ ಬೆರಳುಗಳನ್ನು ಸಾಕಿದ್ದೆನೋ ಆ ಒಂದು ಕೆಲಸ ಬಿಟ್ಟು ಮಿಕ್ಕಿದ್ದೆಲ್ಲ ಅವು ಮಾಡುತ್ತಿದ್ದವು.

ಅಪ್ಪನಿಗೆ ಆಗ ಎಪ್ಪತ್ತನಾಲ್ಕು. ಕೆಲಸ ಬಿಟ್ಟು ಬಹಳ ದಿನವಾಗಿದ್ದರೂ ಬೆಳಿಗ್ಗೆ ಚಹಾ ಕುಡಿದು ಊರಾಚೆಯ ಪಾಲಿಶ್ ಯಂತ್ರದ ಅಂಗಳಕ್ಕೆ ಹೋಗುತ್ತಿದ್ದ. ಸಂಬಳಕ್ಕಲ್ಲ. ಲಾರಿಗೆ ಏರುವ ಮುಂಚೆ ಕಲ್ಲುಗಳನ್ನು ಅಪ್ಪ ಒಮ್ಮೆ ಕೇಳಲಿ ಎಂದು ಅಂಗಳದವರಿಗೆ ಆಸೆ. ನೋಡುವುದಲ್ಲ, ಕೇಳುವುದು. ಮೊದಲ ವಾರ ನಾನೂ ಜೊತೆಗೆ ಹೋಗುತ್ತಿದ್ದೆ, ಮನೆಯಲ್ಲಿ ಇದ್ದರೆ ಅಭ್ಯಾಸ ಯಾಕೆ ಮಾಡುತ್ತಿಲ್ಲ ಎಂದು ಯಾರಾದರೂ ಕೇಳುವರೆಂಬ ಹೆದರಿಕೆಗೆ. ಒರಗಿಸಿ ನಿಲ್ಲಿಸಿದ ಫರ್ಸಿಗಳ ಮುಂದೆ ಅಪ್ಪ ಸಣ್ಣ ಸುತ್ತಿಗೆ ಹಿಡಿದು ನಡೆಯುತ್ತಿದ್ದ. ಒಂದೊಂದಕ್ಕೂ ಒಂದು ಪೆಟ್ಟು. ಗಟ್ಟಿ ಕಲ್ಲು ಗಂಟೆಯಂತೆ ದನಿ ಕೊಡುತ್ತದೆ. ಒಳಗೆ ಕಣ್ಣಿಗೆ ಕಾಣದ ಬಿರುಕಿದ್ದರೆ ದನಿ ಅಲ್ಲೇ ಸತ್ತುಹೋಗುತ್ತದೆ. ಅಂಥ ಕಲ್ಲಿಗೆ ಅಪ್ಪ ಕೆಮ್ಮಣ್ಣಿನ ಜಾಜಿನಿಂದ ಅಡ್ಡ ಗೀಟು ಎಳೆಯುತ್ತಿದ್ದ. ಬಿರುಕು ಯಾರಿಗೆ ಮೊದಲು ಕೇಳಿತೋ ಅವನೇ, ಎಲ್ಲರ ಕಣ್ಣೆದುರಿಗೇ ಗೀಟು ಎಳೆಯಬೇಕು ಎಂಬುದು ಆ ಅಂಗಳದ ರೂಢಿ. ಗೀಟು ಬಿದ್ದ ಕಲ್ಲನ್ನು ಯಾರೂ ಎಸೆಯುತ್ತಿರಲಿಲ್ಲ. ಬಿರುಕಿನ ಉದ್ದಕ್ಕೆ ಕೊಯ್ದು ಮೆಟ್ಟಿಲಿಗೋ ಕಟ್ಟೆಗೋ ಬಳಸುತ್ತಿದ್ದರು. ಅಂಗಳದವರು ನನ್ನನ್ನು ಕಂಡರೆ, "ಅಕ್ಕಾರ, ನಿಮ್ಮಪ್ಪನ ಕಿವಿ ನಿಮಗ ಬಂದದ" ಎನ್ನುತ್ತಿದ್ದರು. ಹೌದು ಎಂದು ನಗುತ್ತಿದ್ದೆ.

ಎರಡನೆಯ ವಾರ ತಡೆಯಲಾಗದೆ ವಾಡಿಗೆ ಹೋದೆ. ಕಾಗಿಣಾ ಹೊಳೆ ಆಗಲೇ ಕೆಂಪಾಗಿತ್ತು. ಹೊಲಗಳಲ್ಲಿ ತೊಗರಿ ಬಿತ್ತನೆ ನಡೆದಿತ್ತು. ಸುಗುಣಾ ಟೀಚರಿಗೆ ಎಂಬತ್ತು ದಾಟಿತ್ತು, ರೈಲ್ವೆ ಕಾಲೊನಿಯ ಚರ್ಚಿನ ಹಿಂದೆ ತಂಗಿಯ ಮಗಳ ಸಂಸಾರದ ಜೊತೆ ಇದ್ದರು. ಕ್ಲಬ್ಬಿನ ಹಾಲಿನ ಬೀಗದ ಕೈ ಮಾತ್ರ ಇನ್ನೂ ಅವರ ಸೊಂಟದಲ್ಲೇ. ನನ್ನನ್ನು ನೋಡಿ ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ.

"ಉಗುರು ತೋರ್ಸು," ಎಂದರು.

"ಟೀಚರ್, ನಂಗ ನಲವತ್ತೆರಡ ವರ್ಷ."

"ಉಗುರಿಗಿ ವಯಸ್ಸಾಗ್ತದೇನು? ತೋರ್ಸು."

ತೋರಿಸಿದೆ. ಹಾಲಿನ ಬೀಗ ತೆಗೆದರು. ಅಪ್ಪ ಹಾಸಿದ ನೆಲ ಹಾಗೇ ಇತ್ತು. ಪಿಯಾನೋದ ಹೊಟ್ಟೆಯೊಳಗೆ ಒಂದು ಸಣ್ಣ ಬಲ್ಬು ಉರಿಯುತ್ತಿತ್ತು. ಮಳೆಗಾಲದ ತಂಪಿಗೆ ಮರ ಉಬ್ಬಬಾರದೆಂದು ಜೂನಿನಿಂದ ದೀಪಾವಳಿಯವರೆಗೆ ಅದನ್ನು ಆರಿಸುತ್ತಿರಲಿಲ್ಲ. ವರ್ಷಕ್ಕೊಮ್ಮೆ ಹೈದರಾಬಾದಿನಿಂದ ಶ್ರುತಿ ಮಾಡುವವರು ಬರುತ್ತಿದ್ದರು. ಆ ಮುದುಕಿಯ ಹಟಕ್ಕೆ ಆ ವಾದ್ಯ ಬದುಕಿತ್ತು. ನಾನು ಕೂತು ಒಂದು ಪುಟ ನುಡಿಸಿದೆ. ಅಷ್ಟರಲ್ಲಿ ನಾನು ಮೋಸವನ್ನು ಚೆನ್ನಾಗಿ ಕಲಿತಿದ್ದೆ. ಬಲಗೈಯ ಮೂರೇ ಬೆರಳಲ್ಲಿ ನುಡಿಸುವುದು, ಎಟುಕದ ಸ್ವರಗಳನ್ನು ಬಿಡುವುದು, ಬಿಟ್ಟದ್ದು ಕೇಳಿಸದಂತೆ ಪೆಡಲ್ ಒತ್ತಿ ದನಿಗಳನ್ನು ಕಲೆಸುವುದು. ಟೀಚರು ನನ್ನ ಕೈಯನ್ನೇ ನೋಡುತ್ತಿದ್ದರು.

"ದಿನಾ ಬಾ," ಎಂದರು. "ಮೊದ್ಲ ಒಂದ್ ತಾಸ ಎಡಗೈ ಅಷ್ಟ. ಹಿಂದಕಿನಂಗ."

ದಿನಾ ಹೋದೆ. ಒಮ್ಮೊಮ್ಮೆ ಅಪ್ಪನೂ ಗಾಡಿಯಲ್ಲಿ ಜೊತೆಗೆ ಬರುತ್ತಿದ್ದ. ಟೀಚರಿಗೆ, "ಶರಣ್ರೀ ಟೀಚರ್" ಎಂದು ಕೈಮುಗಿದು ಹಾಲಿನ ಹೊರಗಿನ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಮಳೆ ಬಂದರೆ ಗೋಡೆಗೆ ಅಂಟಿಕೊಳ್ಳುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಸಿಮೆಂಟಿನ ಗೂಡ್ಸ್ ಗಾಡಿ ಹಾದುಹೋಗುವಾಗ ನೆಲವೇ ನಡುಗುತ್ತಿತ್ತು. ಆಗ ನುಡಿಸುವುದನ್ನು ನಿಲ್ಲಿಸಿ, ಮಂಡಿಯ ಮೇಲೆ ಕೈಯಿಟ್ಟು, ಗಾಡಿ ಹೋದ ಮೇಲೆ ಬಿಟ್ಟ ಕಡೆಯಿಂದಲೇ ಎತ್ತಿಕೊಳ್ಳಬೇಕು. ಚಿಕ್ಕಂದಿನಲ್ಲಿ ಟೀಚರು ಕಲಿಸಿದ ಪದ್ಧತಿ. ಪರದೇಶದ ದೊಡ್ಡ ಗುರುಗಳು ನನ್ನ ಏಕಾಗ್ರತೆಯನ್ನು ಹೊಗಳಿದಾಗ ನಾನು ವಾಡಿಯ ಗೂಡ್ಸ್ ಗಾಡಿಗಳಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ಹೀಗೆ ಜುಲೈ ಕಳೆಯುತ್ತ ಬಂತು. ಬೆರಳು ಸುಧಾರಿಸಲಿಲ್ಲ. ಮೋಸ ಮಾತ್ರ ದಿನದಿಂದ ದಿನಕ್ಕೆ ನಯವಾಯಿತು. ಡಿಸೆಂಬರಿನವರೆಗೆ ಇದೇ ಮೋಸವನ್ನು ಪಳಗಿಸಿದರೆ ವಾದ್ಯವೃಂದದ ಅಬ್ಬರದಲ್ಲಿ ಯಾರಿಗೂ ತಿಳಿಯಲಿಕ್ಕಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಆ ಲೆಕ್ಕ ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ಆದರೆ ಆಗ ನನಗೆ ಹೆದರಿಕೆಯೊಂದೇ ಇತ್ತು. ಪಿಯಾನೋ ಇಲ್ಲದ ಗಿರಿಜಾ ಯಾರು ಎಂದು ನನಗೇ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಟೀಚರು ಊಟಕ್ಕೆ ಹೋಗಿದ್ದರು. ಮಳೆ ಸಣ್ಣಗೆ ಹಿಡಿದಿತ್ತು. ನಾನು ಕಟ್ಟೆಗೆ ಬಂದು ಅಪ್ಪನ ಜೊತೆ ಬುತ್ತಿ ಬಿಚ್ಚಿದೆ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅಪ್ಪ ಅರ್ಧ ರೊಟ್ಟಿ ತಿಂದು ಕೈ ತೊಳೆದ.

"ಗಿರಿಜವ್ವ, ಒಂದ್ ಮಾತ್ ಕೇಳ್ಲೇನು?"

"ಕೇಳಪ್ಪ."

"ಮ್ಯಾಲಿನ ಸಣ್ಣ ದನಿ ಅವಲ್ಲ, ಅದ್ರಾಗ ನಡುನಡುವ ದನಿ ಬಿಟ್ಟಂಗ ಕೇಳ್ತದ. ದಿನಾ ಒಂದ ಜಾಗಾದಾಗ. ಪ್ಯಾನೋ ಕೆಟ್ಟದೇನು?"

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅಪ್ಪನಿಗೆ ಪಿಯಾನೋದ ಗಂಧಗಾಳಿ ಇಲ್ಲ. ನನ್ನ ಕಛೇರಿಗೆ ಅವನು ಒಂದೇ ಸಲ ಮುಂಬೈಗೆ ಬಂದು ನಿದ್ದೆ ಮಾಡಿದವನು.

"ಹೂಂ ಅಪ್ಪ, ಪ್ಯಾನೋ. ಮಳಿಗಿ ಮರ ಉಬ್ಬ್ಯದ," ಎಂದೆ.

ಅಪ್ಪ ಎದ್ದು, ಚಪ್ಪಲಿ ಬಿಟ್ಟು, ಮೊದಲ ಸಲ ಒಳಗೆ ಹೋದ. ಪಿಯಾನೋದ ಎಡತುದಿಗೆ ಕಿವಿ ಹತ್ತಿರ ತಂದು ಒಂದು ಮನೆ ಒತ್ತಿದ. ದನಿ ಪೂರ್ತಿ ಆರುವವರೆಗೆ ಕಾದ. ಆಮೇಲೆ ಮುಂದಿನದು. ಪಿಯಾನೋಕ್ಕೆ ಬಿಳಿ ಕಪ್ಪು ಸೇರಿ ಎಂಬತ್ತೆಂಟು ಮನೆ. ಅಪ್ಪ ಒಂದನ್ನೂ ಬಿಡದೆ, ಒಂದೇ ಬೆರಳಲ್ಲಿ, ಅಂಗಳದಲ್ಲಿ ಫರ್ಸಿಗಳ ಮುಂದೆ ನಡೆಯುವ ಹಾಗೆಯೇ ಬಲತುದಿಯವರೆಗೆ ನಡೆದ. ಅರ್ಧ ಗಂಟೆಯಾಯಿತು. ನಾನು ಬಾಗಿಲಲ್ಲಿ ಎಂಜಲುಗೈಯಲ್ಲಿ ನಿಂತಿದ್ದೆ. ಓಡಿಹೋಗಿಬಿಡಲೇ ಎನ್ನಿಸುತ್ತಿತ್ತು.

"ಕೆಳಗಿನ್ವು ಎರಡು ಜರಾ ಸಡ್ಲ ಅವ," ಎಂದ ಅಪ್ಪ. "ನೀ ಬಿಡೂದು ಅವಲ್ಲ. ಮ್ಯಾಲಿನ್ವು ಎಲ್ಲಾ ಛಲೋ ಅವ."

ಎಂಜಲುಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ಅವ್ವ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ, ಆಗ ಕಛೇರಿ ಮುಗಿಸಿ ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಬೆರಳು, ಡಾಕ್ಟರು, ಡಿಸೆಂಬರು, ಎಲ್ಲ ಹೇಳಿದೆ. ಅಪ್ಪ ನನ್ನ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡು ಕೊನೆಯ ಎರಡು ಬೆರಳನ್ನು ನೆಟ್ಟಗೆ ಮಾಡಿ ನೋಡಿದ. ಅವು ನೆಟ್ಟಗಾದವು.

"ಯಾರಿಗಿ ಹೇಳೀದಿ?"

"ಯಾರಿಗೂ ಇಲ್ಲಪ್ಪ."

"ಆ ಡಿಸೆಂಬರನವ್ರಿಗಿ?"

"ಇಲ್ಲ."

ಅಪ್ಪ ನನ್ನ ಕೈ ಬಿಟ್ಟ. ಸಿಟ್ಟಾಗಿದ್ದ. "ಬಿರುಕ ಬೀಳ್ತಾವವ್ವ, ಅದಕ್ಕ ಯಾರ್ ಏನ್ ಮಾಡ್ಲಿಕ್ಕಿ ಆಗ್ತದ. ಆದ್ರ ಗೊತ್ತಿದ್ದೂ ಲಾರಿಗಿ ಏರಿಸ್ತಾರೇನು? ಜಾಜ ನೀನ ಹಚ್ಚಬೇಕಿತ್ತು. ನಾ ಹಚ್ಚಂಗ ಮಾಡ್ದಿ."

ಅಷ್ಟೇ ಹೇಳಿದ್ದು. ಗಾಡಿಯಲ್ಲಿ ಕಿಟಕಿಯ ಪಕ್ಕದ ಸೀಟು ನನಗೆ ಬಿಟ್ಟ. ಮರುದಿನ ಬೆಳಿಗ್ಗೆ ಡಿಸೆಂಬರಿನವರಿಗೆ ಪತ್ರ ಬರೆದೆ. ಬಹಳ ಮರ್ಯಾದೆಯ ಉತ್ತರ ಬಂತು, ಬೇಗ ಗುಣವಾಗಲಿ ಎಂದು. ಮೂರೇ ದಿನಕ್ಕೆ ನನ್ನ ಜಾಗದಲ್ಲಿ ಬೇರೆಯವರ ಹೆಸರು ಬಂದಿತ್ತು. ಮೂರು ದಿನ! ಹತ್ತು ವರ್ಷ ನಾನಿಲ್ಲದೆ ಆ ಕಛೇರಿ ನಡೆಯದು ಎಂದುಕೊಂಡಿದ್ದೆ. ಒಂದು ವಾರ ವಾಡಿಗೆ ಹೋಗಲಿಲ್ಲ. ವೈನಿಯ ಜೊತೆ ಅಕ್ಕಿ ಆರಿಸಿದೆ, ಹಪ್ಪಳದ ಡಬ್ಬಿ ತೊಳೆದೆ, ಮಕ್ಕಳ ಮೇಲೆ ರೇಗಿದೆ. ವೈನಿಗೆ ಅಪ್ಪ ಹೇಳಿದ್ದನೆಂದು ತೋರುತ್ತದೆ, ಅವಳು ನನ್ನನ್ನು ಚುಡಾಯಿಸುವುದನ್ನು ನಿಲ್ಲಿಸಿದಳು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸಿತು.

ಎಂಟನೆಯ ದಿನ ಟೀಚರಿಗೆ ಹೇಳಿಬಿಡೋಣವೆಂದು ಹೋದೆ.

"ಗೊತ್ತದ," ಎಂದರು. "ಮೊದ್ಲನೇ ದಿನಾನೇ ನೋಡೀನಿ."

"ಮತ್ತ ಯಾಕ ಹೇಳ್ಲಿಲ್ಲ ಟೀಚರ್?"

"ನಾ ಹೇಳಿದ್ರ ನೀ ಇಲ್ಲ ಅಂತಿದ್ದಿ. ಚಿಕ್ಕಾಕಿದ್ದಾಗ್ಲೂ ಹಂಗ, ಪಾಠ ಮಾಡ್ಕೊಂಡ್ ಬರ್ಲಿಲ್ಲಂದ್ರ ಹೊಟ್ಟಿ ನೋವ್ ಅಂತಿದ್ದಿ." ಕಪಾಟಿನಿಂದ ಅಂಚು ಹರಿದ ಒಂದು ಸ್ವರಲಿಪಿಯ ಪುಸ್ತಕ ತೆಗೆದು ನನ್ನ ಮುಂದಿಟ್ಟರು. "ಎಡಗೈ ಒಂದಕ್ಕ ಬರ್ದಿದ್ದು. ನಾಳಿಂದ ಇದು."

ಎಡಗೈಗೆ ಮಾತ್ರ ಬರೆದ ಸಂಗೀತ ಇದೆಯೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಕೈ ಕಳೆದುಕೊಂಡವರಿಗಾಗಿ, ಕೈ ಕೆಟ್ಟವರಿಗಾಗಿ ಹಿಂದಿನವರು ಬರೆದಿಟ್ಟದ್ದು ಸಾಕಷ್ಟಿದೆ. ನಾನೇ ಅದನ್ನು ಸರ್ಕಸ್ಸು ಎಂದು ನಕ್ಕವಳು. ಒಂಟಿ ಕೈಯವರ ಕಛೇರಿಗೆ ಜನ ಸಂಗೀತ ಕೇಳಲು ಬರುವುದಿಲ್ಲ, ಅಯ್ಯೋ ಪಾಪ ಅನ್ನಲು ಬರುತ್ತಾರೆ ಎಂದು ಗೆಳತಿಯರ ಮುಂದೆ ದೊಡ್ಡದಾಗಿ ಹೇಳಿದವಳು. ಆ ಮಾತನ್ನೇ ಟೀಚರಿಗೂ ಹೇಳಿದೆ.

"ನಂಗ ಅಯ್ಯೋ ಪಾಪ ಅನಸ್ಕೊಳ್ಳೂದ್ ಬ್ಯಾಡ್ರಿ. ಅದಕಿಂತ ಬಿಟ್ಟ ಬಿಡ್ತೀನಿ."

"ಬಿಡು. ಬ್ಯಾಡಂದವ್ರ್ ಯಾರು? ಬಿಡೂಕಿಂತ ಮೊದ್ಲ ಎರಡನೇ ಪುಟ ಬಾರ್ಸಿ ತೋರ್ಸಿ ಬಿಡು."

ಆ ಎರಡನೆಯ ಪುಟ ನನ್ನ ಆಗಸ್ಟನ್ನು ತಿಂದಿತು. ಎಡಗೈ ಅಲ್ಲಿಯವರೆಗೆ ಬಲಗೈಯ ಹಿಂದೆ ಹಿಂದೆ ನಡೆದು ಬಂದ ಕೈ. ಈಗ ಅದು ತಳದ ದನಿಯನ್ನು ಮುಟ್ಟಿ, ಪೆಡಲಿನಿಂದ ಅದನ್ನು ಹಿಡಿದಿಟ್ಟು, ಅದು ಆರುವುದರೊಳಗೆ ಮೇಲಕ್ಕೆ ಹಾರಿ ಹೆಬ್ಬೆರಳಲ್ಲಿ ಹಾಡನ್ನು ಎತ್ತಬೇಕು. ಕೆಳಗೆ, ಮೇಲೆ, ಮತ್ತೆ ಕೆಳಗೆ. ಮೊದಮೊದಲು ಹೆಬ್ಬೆರಳು ಗುದ್ದುತ್ತಿತ್ತು, ಹಾಡುತ್ತಿರಲಿಲ್ಲ. ಮೊಣಕೈ ನೋಯುತ್ತಿತ್ತು. ಬಲಗೈಯನ್ನು ಎಲ್ಲಿಡುವುದು ಎಂಬುದೇ ಒಂದು ಸಮಸ್ಯೆ. ಅದು ತನ್ನಷ್ಟಕ್ಕೇ ಮೇಲೇಳುತ್ತಿತ್ತು, ನಾನು ಅದನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದೆ. ಹೊರಗೆ ಹೆಸರುಕಾಳಿನ ರಾಶಿ ಮಾಡುವವರು ಮಳೆ ಬಿಡಲೆಂದು ಕಾಯುತ್ತಿದ್ದರು. ಅಪ್ಪ ಈಗ ಕಟ್ಟೆ ಬಿಟ್ಟು ಹಾಲಿನ ಒಳಗೇ ಗೋಡೆಗೊರಗಿ ಕೂರುತ್ತಿದ್ದ. ಒಂದು ದಿನ ಮುಗಿಸಿ ತಿರುಗಿ ನೋಡಿದಾಗ, "ಇವತ್ತ ಎಲ್ಲೂ ಬಿಟ್ಟಿಲ್ಲ" ಎಂದ. ಎರಡು ಕೈಯಲ್ಲಿ ನುಡಿಸಿ ನಾನು ಪಡೆದ ಯಾವ ಹೊಗಳಿಕೆಯೂ ನನಗೆ ಅಷ್ಟು ಹಿತವಾಗಿರಲಿಲ್ಲ.

ಸೆಪ್ಟೆಂಬರಿನ ಮೊದಲ ವಾರ ಕ್ಲಬ್ಬಿನ ಕಪ್ಪು ಹಲಗೆಯ ಮೇಲೆ ಟೀಚರು ನನ್ನನ್ನು ಕೇಳದೆ ಬರೆದುಬಿಟ್ಟಿದ್ದರು: ಭಾನುವಾರ ಮುಂಜಾನೆ ಹನ್ನೊಂದಕ್ಕೆ ಗಿರಿಜಾ ಅವರ ಪಿಯಾನೋ, ಎಲ್ಲರೂ ಬರ್ರಿ. ಜಗಳ ಮಾಡಿದೆ. "ಪುಣೆ, ಮುಂಬೈದಾಗ ಹೇಳೂಕಿಂತ ಮೊದ್ಲ ಇಲ್ಲಿ ಹೇಳು. ಇಲ್ಲಿ ಬಾಯಿ ಬಿಟ್ರ ಅಲ್ಲೂ ಮಾತ್ ಬರ್ತದ," ಎಂದರು. ಅಪ್ಪ ಆ ಕಡೆ ತಿರುಗಿ ಕೂತಿದ್ದ, ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆಂದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಶನಿವಾರ ವೈನಿ ಕ್ಲಬ್ಬಿನ ಹಾಲು ನೋಡಲು ಬಂದಳು. ನೆಲ ಕಲ್ಲು, ಗೋಡೆ ಕಲ್ಲು, ಒಂದು ಚಪ್ಪಾಳೆ ತಟ್ಟಿದರೆ ನಾಲ್ಕು ಕೇಳುತ್ತಿತ್ತು. ಎಡಗೈಯ ಕೆಲಸವೆಲ್ಲ ಪೆಡಲಿನ ಮೇಲೆ ನಡೆಯುವುದರಿಂದ ದನಿಗಳು ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತವೆ ಎಂದು ವಿವರಿಸಿದೆ. ವೈನಿ ಅರ್ಧ ಕೇಳಿಸಿಕೊಂಡು ಹೋದವಳು ಭಾನುವಾರ ಬೆಳಿಗ್ಗೆ ಟಂಟಂ ಆಟೋ ತುಂಬ ಕೌದಿ ಹೇರಿಕೊಂಡು ಬಂದಳು. ನಮ್ಮ ಓಣಿಯ ಮನೆಮನೆಯ ಕೌದಿಗಳು, ಹಳೆ ಸೀರೆ ಸೇರಿಸಿ ಹೊಲಿದ ದಪ್ಪ ಹೊದಿಕೆಗಳು. ಹಗ್ಗ ಕಟ್ಟಿ ಮೂರೂ ಗೋಡೆಗೆ ತೂಗುಬಿಟ್ಟಾಗ ಹಾಲು ಸುಮ್ಮನಾಯಿತು. "ಪಾಟೀಲರ ಮನ್ಯಾಕಿ ಕೌದಿ ನಡುವ ಹಾಕ್ರಿ, ಇಲ್ಲಂದ್ರ ಆಕಿ ಬಾಯಿ ಮುಚ್ಚಂಗಿಲ್ಲ," ಎಂದು ವೈನಿ ಕೂಗುತ್ತಿದ್ದಳು. ಅವಳು ಮತ್ತೆ ಮೊದಲಿನ ವೈನಿಯಾದದ್ದನ್ನು ಕಂಡು ನನಗೆ ಸ್ವಲ್ಪ ಧೈರ್ಯ ಬಂತು.

ನೂರು ಜನ ಬಂದಿರಬಹುದು. ಅಂಗಳದವರು, ಕಾಲೊನಿಯವರು, ಚರ್ಚಿನವರು, ಅಣ್ಣನ ಕಾರ್ಖಾನೆಯವರು. ನಾನು ಪಿಯಾನೋದ ಮುಂದೆ ನಿಂತೆ, ಕೂರಲಿಲ್ಲ. ಕಾಲ ಕೆಳಗೆ ಅಪ್ಪ ಹಾಸಿದ ನೆಲ. ಒಂದು ವಾರದಿಂದ ಕನ್ನಡಿಯ ಮುಂದೆ ಹೇಳಿ ಹೇಳಿ ಕಲಿತ ಮಾತು ಮರೆತುಹೋಗಿ, ಬಾಯಿಗೆ ಬಂದದ್ದನ್ನು ಹೇಳಿದೆ.

"ನನ್ನ ಬಲಗೈ ಕೆಟ್ಟದ್ರಿ. ಪ್ಯಾನೋ ಬಾರ್ಸೂದು ಅದಕ್ಕ ಇನ್ ಆಗಂಗಿಲ್ಲ. ಇವತ್ತ ನಾ ಎಡಗೈ ಒಂದರಿಂದ ಬಾರಸ್ತೀನಿ."

ಬರುತ್ತದೆ ಎಂದು ತಿಂಗಳುಗಟ್ಟಲೆ ಹೆದರಿದ್ದ ಆ ಅಯ್ಯೋ ಪಾಪ ಈಗ ಬರುತ್ತದೆ ಎಂದು ನಾನು ತಲೆ ತಗ್ಗಿಸಿದೆ.

ಮುಂದಿನ ಸಾಲಿನಲ್ಲಿ ಶಿವಶರಣಪ್ಪ ಕಾಕಾ ಕೂತಿದ್ದರು. ಚಿತ್ತಾಪುರದವರು, ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದು ವಾಡಿಯಲ್ಲೇ ನೆಲೆಸಿದವರು, ನಲವತ್ತು ವರ್ಷದಿಂದ ಭಜನೆಗೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವರು. ಅವರು ನನ್ನ ಮುಂದಿನ ಮಾತಿಗೆ ಕಾಯುತ್ತಿದ್ದವರಂತೆ ಇನ್ನೂ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಅಷ್ಟೇ ಎಂದು ತಿಳಿದ ಮೇಲೆ ಅವರಿಗೆ ಆಶ್ಚರ್ಯವಾಯಿತು.

"ಅದಕ್ಯಾಕ್ ಇಷ್ಟ್ ಸಣ್ಣ ಮಾರಿ ಮಾಡೀಯವ್ವ? ಪೇಟಿ ಯಾವಾಗ್ಲೂ ಒಂದ ಕೈಲೆ ಬಾರಸ್ತಾರಲ್ಲ! ನಾನೂ ಒಂದ ಕೈಲೆ ಬಾರಸ್ತೀನಿ, ನಮ್ಮಪ್ಪನೂ ಒಂದ ಕೈಲೆ ಬಾರಸ್ತಿದ್ದ. ಇನ್ನೊಂದ್ ಕೈ ಗಾಳಿ ಹಾಕ್ಲಿಕ್ಕಿ."

ಸುತ್ತ ಕೂತವರು ತಲೆಯಾಡಿಸಿದರು. ಹೌದಲ್ಲ, ಒಂದೇ ಕೈಯಲ್ಲವೇ? ಕಾಕಾ ಅಷ್ಟಕ್ಕೆ ನಿಲ್ಲಿಸದೆ ಮಂಡಿ ಹಿಡಿದುಕೊಂಡು ಎದ್ದರು.

"ಆ ಕೈ ಕೆಟ್ಟದ ಅಂದ್ರ ಗಾಳಿದೇ ಚಿಂತಿ ನಿಂಗ. ನಾ ಹಾಕ್ತೀನಿ ತಗೋ. ಎಲ್ಲದ ಗಾಳಿ?"

ನನಗೆ ನಗು ಬಂತು, ಅಳುವೂ ಬಂತು. "ಇದಕ್ಕ ಗಾಳಿ ಬೇಕಾಗಂಗಿಲ್ಲ ಕಾಕಾ. ಒಳಗ ತಂತಿ ಅವ," ಎಂದೆ.

ಕಾಕಾ ಪಿಯಾನೋದ ಬೆನ್ನಿನವರೆಗೆ ಬಗ್ಗಿ ನೋಡಿ ಬಂದರು. ನಂಬಿಕೆ ಹುಟ್ಟಲಿಲ್ಲ.

"ಬೇಕಾಗ್ಲಿಲ್ಲಂದ್ರ ಬ್ಯಾಡ. ಬಾಜೂಕ ಕುಂತಿರ್ತೀನಿ. ನಡುವ ಬೇಕಾದ್ರ ಹೇಳು."

ಯಾರೋ ಕುರ್ಚಿ ದಾಟಿಸಿದರು. ಅವರು ನನ್ನ ಬಲಗಡೆ ಕೂತು, ಪಿಯಾನೋದ ಪಕ್ಕೆಯ ಮರದ ಮೇಲೆ ಅಂಗೈ ಇಟ್ಟರು. ನಾನು ಕೂತೆ. ಬಲಗೈಯನ್ನು ತೊಡೆಯ ಕೆಳಗೆ ಒತ್ತಲಿಲ್ಲ, ಮಡಿಲಲ್ಲಿ ಬಿಟ್ಟೆ. ಎಡಗೈ ತಳದ ದನಿಯನ್ನು ಮುಟ್ಟಿ ಮೇಲಕ್ಕೆ ಹೋಯಿತು. ಹದಿನೆಂಟು ನಿಮಿಷ ನುಡಿಸಿದೆ. ಕಾಕಾನ ಅಂಗೈ ಅಷ್ಟೂ ಹೊತ್ತು ಮರವನ್ನು ಮೆಲ್ಲಗೆ ಒತ್ತುವುದು, ಬಿಡುವುದು, ಒತ್ತುವುದು ಮಾಡುತ್ತಿತ್ತು. ಕೊನೆಯ ದನಿಯಿಂದ ನಾನು ಬೆರಳು ತೆಗೆದೆ, ಪೆಡಲನ್ನು ನಿಧಾನಕ್ಕೆ ಬಿಟ್ಟೆ. ದನಿ ಪೂರಾ ಆರು‌ವವರೆಗೂ ಅವರು ಕೈ ನಿಲ್ಲಿಸಲಿಲ್ಲ.